ಒಂದೇ ಕ್ಯಾಮೆರಾ, ಎರಡು ಮುಖ: ಡೊಲೊರೆಸ್ ಡೆಲ್ ರಿಯೊ ಮತ್ತು ಮರಿಯಾ ಫೆಲಿಕ್ಸ್

ಮೆಕ್ಸಿಕೊದ ಹಳೆಯ ಸಿನಿಮಾಗಳ ಹುಚ್ಚು ಹತ್ತಿಸಿಕೊಂಡವರು ಬೇಗನೆ ಎರಡು ಬಣಗಳಾಗಿ ಒಡೆಯುತ್ತಾರೆ. ಒಂದು ಡೊಲೊರೆಸ್ ಡೆಲ್ ರಿಯೊ ಅವರ ಬಣ, ಇನ್ನೊಂದು ಮರಿಯಾ ಫೆಲಿಕ್ಸ್ ಅವರದು. ನಾನು ಯಾವ ಬಣದವನೆಂದು ತಿಳಿಯಲು ಕಳೆದ ಚಳಿಗಾಲದಲ್ಲಿ ಒಂದು ನಿಯಮ ಹಾಕಿಕೊಂಡೆ. ಶನಿವಾರ ರಾತ್ರಿ ಒಬ್ಬರ ಚಿತ್ರ, ಭಾನುವಾರ ರಾತ್ರಿ ಇನ್ನೊಬ್ಬರದು. ಆರು ವಾರ ಹೀಗೆ ನಡೆಯಿತು. ಏಳನೆಯ ವಾರಕ್ಕೆ ಇಬ್ಬರೂ ಒಟ್ಟಿಗೆ ನಟಿಸಿದ ಒಂದೇ ಒಂದು ಚಿತ್ರವನ್ನು ಉಳಿಸಿಕೊಂಡಿದ್ದೆ.

ಈ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದು ನ್ಯಾಯವೇ ಎಂಬ ಪ್ರಶ್ನೆ ಬರಬಹುದು. ನ್ಯಾಯವೇ, ಏಕೆಂದರೆ ಇಬ್ಬರಿಗೂ ಸಿಕ್ಕಿದ್ದು ಒಂದೇ ತಂಡ. ನಿರ್ದೇಶಕ 'ಎಲ್ ಇಂದಿಯೊ' ಎಂದೇ ಹೆಸರಾದ ಎಮಿಲಿಯೊ ಫೆರ್ನಾಂಡೆಸ್, ಛಾಯಾಗ್ರಾಹಕ ಗಾಬ್ರಿಯೆಲ್ ಫಿಗೆರೋವಾ, ಬರಹಗಾರ ಮೌರಿಸಿಯೊ ಮಗ್ದಲೇನೊ, ನಾಯಕ ಪೆದ್ರೊ ಅರ್ಮೆಂದಾರಿಸ್. ಕೆಳಗಿನಿಂದ ಇಟ್ಟ ಕ್ಯಾಮೆರಾ, ಪರದೆಯ ಮುಕ್ಕಾಲು ಭಾಗ ಮೋಡ ತುಂಬಿದ ಆಕಾಶ, ಕತ್ತಾಳೆಯ ಸಾಲು, ಅದರ ಮುಂದೆ ಒಂದು ಮುಖ. ಅಡುಗೆಯವರು ಅವರೇ, ಒಲೆಯೂ ಅದೇ. ಬದಲಾಗುತ್ತಿದ್ದದ್ದು ಆ ಮುಖ ಮಾತ್ರ.

ಮೊದಲ ವಾರ 'ಮರಿಯಾ ಕಾಂದೆಲಾರಿಯಾ' ಹಾಗೂ 'ಮಕ್ಲೋವಿಯಾ' ಚಿತ್ರಗಳನ್ನು ಜೋಡಿ ಮಾಡಿಕೊಂಡೆ. ಇದಕ್ಕಿಂತ ಹತ್ತಿರದ ಜೋಡಿ ಇಲ್ಲ. ಎರಡರಲ್ಲೂ ನೀರಿನ ಊರು, ಎರಡರಲ್ಲೂ ಮೂಲನಿವಾಸಿ ಹುಡುಗಿ, ಎರಡರಲ್ಲೂ ಅವಳ ಬೆನ್ನು ಹತ್ತಿದ ಅಧಿಕಾರಸ್ಥ ಗಂಡಸು, ತಿರುಗಿಬಿದ್ದ ಊರು. 1943ರಲ್ಲಿ ಚಿತ್ರೀಕರಣವಾದ ಮೊದಲನೆಯದು ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳ ಕಥೆ, ಡೊಲೊರೆಸ್ ಅವರದು. 1948ರ ಎರಡನೆಯದು ಪಾತ್ಸ್‌ಕ್ವಾರೊ ಸರೋವರದ ಹನಿತ್ಸಿಯೊ ದ್ವೀಪದ್ದು, ಮರಿಯಾ ಅವರದು.

'ಮರಿಯಾ ಕಾಂದೆಲಾರಿಯಾ' ನೋಡುವಾಗ ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ಅವರಿಗೆ ಸ್ಪ್ಯಾನಿಷ್ ಬರುವುದಿಲ್ಲ, ಇಂಗ್ಲಿಷ್ ಅಡಿಬರಹ ಓದುವ ವೇಗವೂ ಇಲ್ಲ. ಕಥೆ ಇಷ್ಟು: ವೇಶ್ಯೆಯ ಮಗಳೆಂದು ಊರು ದೂರ ಇಟ್ಟ ಹುಡುಗಿ ಹೂ ಮಾರಿ ಬದುಕುತ್ತಾಳೆ. ಅವಳ ಬಳಿ ಒಂದು ಹಂದಿಮರಿ ಇದೆ. ಅದು ದೊಡ್ಡದಾಗಿ ಮರಿ ಹಾಕಿದರೆ ಮಾರಿದ ದುಡ್ಡಿನಲ್ಲಿ ಲೊರೆನ್ಸೊ ರಫಾಯೆಲ್‌ನನ್ನು ಮದುವೆಯಾಗಬೇಕು. ಸಾಲ ಕೊಟ್ಟ ಅಂಗಡಿಯವನು ಆ ಮರಿಯನ್ನೇ ಕೊಲ್ಲುತ್ತಾನೆ. ಅಮ್ಮನ ಕೈಯಲ್ಲಿದ್ದ ಕಾಯಿ ಅಲ್ಲಿಗೇ ನಿಂತಿತು. ಮುಂದೆ ಹುಡುಗಿಗೆ ಮಲೇರಿಯಾ ಬರುತ್ತದೆ, ಕ್ವಿನೈನ್ ಕದ್ದ ತಪ್ಪಿಗೆ ಹುಡುಗ ಜೈಲು ಸೇರುತ್ತಾನೆ. ಕಲಾವಿದನೊಬ್ಬ ಅವಳ ಮುಖ ಬರೆದು, ಬೇರೊಬ್ಬಳ ನಗ್ನ ದೇಹವನ್ನು ಅದಕ್ಕೆ ಜೋಡಿಸುತ್ತಾನೆ. ಚಿತ್ರ ಕಂಡ ಊರು ಪಂಜು ಹಿಡಿದು ಬಂದು ಕಲ್ಲು ಹೊಡೆದು ಕೊಲ್ಲುತ್ತದೆ. ಹೂಗಳ ನಡುವೆ ಅವಳ ದೇಹ ದೋಣಿಯಲ್ಲಿ ಸಾಗುವಾಗ ಅಮ್ಮ ಮೊರ ಪಕ್ಕಕ್ಕಿಟ್ಟು, "ಈ ಹೆಂಗಸು ಏನೂ ಮಾಡುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತಾಳೆ. ಆದರೂ ಎಲ್ಲ ತಿಳಿಯಿತು," ಎಂದರು.

ಡೊಲೊರೆಸ್ ಅವರ ನಟನೆಯ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಅದು. ಅವರು ಎದುರಿನವರ ಮಾತನ್ನು ಮುಖದ ಮೇಲೆ ಇಳಿಸಿಕೊಳ್ಳುತ್ತಾರೆ. ರೆಪ್ಪೆ ಒಂದು ಕ್ಷಣ ತಡವಾಗಿ ಏಳುತ್ತದೆ, ತಲೆಯ ಮೇಲಿನ ಶಾಲಿನ ಅಂಚನ್ನು ಬೆರಳು ಹಿಡಿದುಕೊಳ್ಳುತ್ತದೆ, ಅಷ್ಟರಲ್ಲೇ ಅವಮಾನ ಒಳಗೆ ಹೋದದ್ದು ಕಾಣುತ್ತದೆ. ಆಗ ಅವರಿಗೆ 39ರ ಹತ್ತಿರ; ಹಾಲಿವುಡ್‌ನ ಹದಿನೇಳು ವರ್ಷಗಳನ್ನು ಕಳಚಿಟ್ಟು ಬರಿಗಾಲಲ್ಲಿ ನಿಂತಿದ್ದರು.

ಮರುದಿನದ 'ಮಕ್ಲೋವಿಯಾ' ನನಗೆ ಹಿಡಿಸಲಿಲ್ಲ. ಮಾತಾಡಬಾರದೆಂದು ಅಪ್ಪ ತಡೆದಾಗ, ಪತ್ರ ಬರೆಯುವುದಕ್ಕಾಗಿಯೇ ಪ್ರೇಮಿ ಮಕ್ಕಳ ಶಾಲೆಗೆ ಹೋಗಿ ಅಕ್ಷರ ಕಲಿಯುವ ಪ್ರಸಂಗ ಎಷ್ಟೋ ಚೆನ್ನಾಗಿದೆ. ಬಲೆ ಹರವಿದ ಸರೋವರದ ದೃಶ್ಯಗಳೂ ಅಷ್ಟೇ. ಆದರೆ ಮರಿಯಾ ಅವರ ಮುಖ ಬಾಗಲಾರದು. ಆ ಏರಿದ ಹುಬ್ಬು, ಆ ನೇರ ನೋಟ ಮೀನುಗಾರನ ಮಗಳ ಅಸಹಾಯಕತೆಯನ್ನು ಒಪ್ಪುವುದೇ ಇಲ್ಲ. ಬೆದರಿಸುವ ಸಾರ್ಜೆಂಟ್ ಇವರ ಮುಂದೆ ಚಿಕ್ಕವನಾಗಿ ಕಾಣುತ್ತಾನೆ, ಕಥೆಯ ಭಯವೇ ಕರಗಿಬಿಡುತ್ತದೆ. ಮೊದಲ ವಾರ ಡೊಲೊರೆಸ್ ಅವರದು.

ಎರಡೂ ಚಿತ್ರಗಳ ಬಗ್ಗೆ ನನಗೊಂದು ಅಸಮಾಧಾನವಿದೆ, ಹೇಳಿಯೇ ಮುಂದೆ ಹೋಗುತ್ತೇನೆ. ಮೂಲನಿವಾಸಿ ಹೆಣ್ಣಿನ ಘನತೆಯನ್ನು ಹಾಡುವ ಈ ಸಿನಿಮಾಗಳಲ್ಲಿ ಆ ಹೆಣ್ಣಾಗಿ ನಿಂತವರು ಮೇಲ್ವರ್ಗದ, ಬಿಳಿ ಮೈಬಣ್ಣದ ತಾರೆಯರು. ನಿಜವಾದ ಮೂಲನಿವಾಸಿಗಳು ಬಹುಪಾಲು ಗುಂಪಿನಲ್ಲಿ ಪಂಜು ಹಿಡಿಯುವವರು. 1946ರ ಕಾನ್ ಉತ್ಸವದಲ್ಲಿ 'ಮರಿಯಾ ಕಾಂದೆಲಾರಿಯಾ' ಇತರ ಚಿತ್ರಗಳ ಜೊತೆ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡಿತು. ಮೆಕ್ಸಿಕೊದ ಹಳ್ಳಿಗಳ ಬಗ್ಗೆ ಹೊರಗಿನವರ ಕಲ್ಪನೆ ಬಹುಮಟ್ಟಿಗೆ ಅಲ್ಲಿಂದಲೇ ರೂಪುಗೊಂಡಿತು. ಅದಕ್ಕೇ ಈ ಮಾತು ಮುಖ್ಯವೆನಿಸುತ್ತದೆ.

ಎರಡನೆಯ ವಾರ ತಕ್ಕಡಿ ತಿರುಗಿತು. 1946ರ 'ಎನಾಮೊರಾದಾ', ಅಂದರೆ ಪ್ರೇಮದಲ್ಲಿ ಬಿದ್ದವಳು. 1910ರ ದಶಕದ ಮೆಕ್ಸಿಕೊ ಕ್ರಾಂತಿಯ ಕಾಲದ ಚೊಲುಲಾ ಊರು. ದಂಗೆಕೋರ ಜನರಲ್ ಊರನ್ನು ವಶಪಡಿಸಿಕೊಂಡಿದ್ದಾನೆ, ಊರಿನ ಸಿರಿವಂತನ ಮಗಳು ಬೆಯಾತ್ರಿಸ್ ಅವನನ್ನು ಕಂಡರೆ ಉರಿಯುತ್ತಾಳೆ. ಪಾತ್ರವೇ ಮರಿಯಾ ಅವರ ಅಳತೆಗೆ ಹೊಲಿದ ಬಟ್ಟೆ. ರಾತ್ರಿ ಅವಳ ಕಿಟಕಿಯ ಕೆಳಗೆ ಮೂವರು ಗಾಯಕರು 'ಮಲಗೇನ್ಯಾ' ಹಾಡುತ್ತಾರೆ. ಒಳಗೆ ಅವಳು ಮಲಗಿದ್ದಾಳೆ. ಫಿಗೆರೋವಾ ಕ್ಯಾಮೆರಾವನ್ನು ಅವಳ ಕಣ್ಣಿಗೆ ಎಷ್ಟು ಹತ್ತಿರ ಒಯ್ಯುತ್ತಾರೆಂದರೆ, ರೆಪ್ಪೆ ತೆರೆದಾಗ ಪರದೆಯಲ್ಲಿ ಎರಡು ಕಣ್ಣು ಬಿಟ್ಟು ಬೇರೇನೂ ಇಲ್ಲ. ಆ ಕಣ್ಣು ಮೊದಲು ಕೆರಳುತ್ತದೆ, ನಂತರ ಕೇಳತೊಡಗುತ್ತದೆ. ಈ ದೃಶ್ಯವನ್ನು ಮೂರು ಸಲ ಹಿಂದೆ ಸರಿಸಿ ನೋಡಿದೆ. ಹಿಂದಿನ ವಾರ ಬಾಗಲಾರದು ಎಂದು ನಾನು ಬರೆದುಕೊಂಡಿದ್ದ ಅದೇ ಮುಖ, ಬಾಗದೆಯೇ ಸೋಲುವುದನ್ನು ಅಲ್ಲಿ ಕಂಡೆ.

ಕೊನೆಯ ದೃಶ್ಯ ಇನ್ನೂ ದೊಡ್ಡದು. ಅಮೆರಿಕದ ವರನೊಂದಿಗೆ ಮದುವೆಯ ಕಾಗದಕ್ಕೆ ಸಹಿ ಹಾಕುವ ಹೊತ್ತು. ಹೊರಗೆ ಫಿರಂಗಿಯ ಸದ್ದು, ಗೋಡೆಗಳ ಮೇಲೆ ಊರು ಬಿಟ್ಟು ಹೋಗುತ್ತಿರುವ ಸೈನ್ಯದ ನೆರಳು. ಕೊರಳಿನ ಮುತ್ತಿನ ಸರ ಹರಿದು ಚೆಲ್ಲುತ್ತದೆ. ಅವಳು ಓಡುತ್ತಾಳೆ, ಶಾಲು ಹೊದೆಯುತ್ತಾಳೆ, ಜನರಲ್‌ನ ಕುದುರೆಯ ಜೀನು ಹಿಡಿದು ಇತರ ಹೆಂಗಸರಂತೆ ಕಾಲ್ನಡಿಗೆಯಲ್ಲಿ ನಡೆಯುತ್ತಾಳೆ. ಇದು ಶರಣಾಗತಿಯ ಕಥೆಯಲ್ಲವೇ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಹೌದು. ಪರದೆಯ ಮೇಲೆ ಮರಿಯಾ ಅವರ ನಡಿಗೆ ನೋಡಿ: ದಾರಿಯನ್ನು ತಾನೇ ಆರಿಸಿಕೊಂಡವಳ ನಡಿಗೆ ಅದು. ಇದೇ ಚಿತ್ರವನ್ನು ಇದೇ ನಿರ್ದೇಶಕ, ಇದೇ ಛಾಯಾಗ್ರಾಹಕ, ಇದೇ ನಾಯಕ ಸೇರಿ 1950ರಲ್ಲಿ ಪೌಲೆಟ್ ಗೊಡ್ಡಾರ್ಡ್ ಅವರೊಂದಿಗೆ ಇಂಗ್ಲಿಷ್‌ನಲ್ಲಿ ಮತ್ತೆ ತೆಗೆದರು. ಅದನ್ನೂ ಹುಡುಕಿ ನೋಡಿದೆ. ಎಲ್ಲವೂ ಇದೆ, ಆ ಕಣ್ಣಿಲ್ಲ.

ಇಬ್ಬರ ಬದುಕೂ ಈ ಎರಡು ಬಗೆಯ ನಟನೆಗೆ ತಕ್ಕಂತೆಯೇ ಇದೆ. ಡೊಲೊರೆಸ್ 1904ರಲ್ಲಿ ಡುರಾಂಗೊದ ಸಿರಿವಂತ ಮನೆತನದಲ್ಲಿ ಹುಟ್ಟಿದರು. ಕ್ರಾಂತಿಯಲ್ಲಿ ಆಸ್ತಿ ಹೋಯಿತು. ಹದಿನಾರಕ್ಕೇ ಮದುವೆ. ಅಮೆರಿಕದ ನಿರ್ದೇಶಕ ಎಡ್ವಿನ್ ಕೆರೂ ಕಣ್ಣಿಗೆ ಬಿದ್ದು 1925ರಲ್ಲಿ ಹಾಲಿವುಡ್‌ಗೆ ಹೋದರು. ಮೂಕಿ ಚಿತ್ರಗಳಲ್ಲಿ ಭಾಷೆಯ ಗೋಡೆ ಇರಲಿಲ್ಲ, 'ರಮೋನಾ' ಅಂಥ ಚಿತ್ರಗಳಿಂದ ಮೊದಲ ಸಾಲಿನ ತಾರೆಯಾದರು. ಮಾತು ಬಂದ ಮೇಲೆ ಅಲ್ಲಿಯವರು ಅವರನ್ನು ದ್ವೀಪದ ಚೆಲುವೆ, ದಕ್ಷಿಣ ಅಮೆರಿಕದ ಚೆಲುವೆ ಎಂಬ ಚೌಕಟ್ಟಿಗೆ ತಳ್ಳಿದರು. 1940ರ ದಶಕದ ಆರಂಭದಲ್ಲಿ ಎಲ್ಲವನ್ನೂ ಬಿಟ್ಟು ಊರಿಗೆ ಮರಳಿದರು. ನಲವತ್ತರ ಹೊಸ್ತಿಲಲ್ಲಿ, ಸೌಂದರ್ಯಕ್ಕೇ ಸಂಬಳ ಪಡೆದ ನಟಿಯೊಬ್ಬರು ಮೊದಲಿನಿಂದ ಶುರುಮಾಡುವುದು ಸಣ್ಣ ಧೈರ್ಯವಲ್ಲ. 1954ರಲ್ಲಿ ಎಡಪಂಥೀಯರ ಒಲವುಳ್ಳವರೆಂಬ ಶಂಕೆಯಿಂದ ಅಮೆರಿಕ ಪ್ರವೇಶ ನಿರಾಕರಿಸಿದ್ದರಿಂದ ಒಂದು ಪಾತ್ರವೂ ಕೈತಪ್ಪಿತು. ಆ ಪಾತ್ರ ಮಾಡಿದ ಕೇಟಿ ಹುರಾದೊ ಆಸ್ಕರ್ ನಾಮನಿರ್ದೇಶನ ಪಡೆದರು.

ಮರಿಯಾ 1914ರಲ್ಲಿ ಸೊನೋರಾ ಪ್ರಾಂತ್ಯದ ಆಲಮೊಸ್‌ನಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನ ಮದುವೆ ಮುರಿಯಿತು, ಮಗನನ್ನು ಗಂಡ ಕರೆದೊಯ್ದ. ಸಿನಿಮಾಕ್ಕೆ ಬಂದ ಮೊದಲ ವರ್ಷವೇ, 1943ರಲ್ಲಿ, ರೊಮುಲೊ ಗಾಯೆಗೊಸ್ ಕಾದಂಬರಿ ಆಧರಿಸಿದ 'ದೋನ್ಯಾ ಬಾರ್ಬರಾ' ಸಿಕ್ಕಿತು. ಗಂಡಸರಿಂದ ನೊಂದು ಗಂಡಸರನ್ನೇ ಆಳುವ ಜಮೀನ್ದಾರಿಣಿಯ ಪಾತ್ರ. ಅಂದಿನಿಂದ 'ಲಾ ದೋನ್ಯಾ', ಅಂದರೆ ಒಡತಿ, ಎಂಬ ಹೆಸರು ಸಾಯುವವರೆಗೂ ಉಳಿಯಿತು. ಮಗನನ್ನೂ ಮರಳಿ ಪಡೆದರು. ಸಂಗೀತಗಾರ ಅಗುಸ್ತಿನ್ ಲಾರಾ ಮರಿಯಾ ಅವರ ಪತಿಯಾಗಿದ್ದರು. ಲಾರಾ ಅವರ 'ಮರಿಯಾ ಬೊನಿತಾ' ಹಾಡು ಇವರಿಗಾಗಿಯೇ ಹುಟ್ಟಿದ್ದು. ಸ್ಪೇನ್, ಇಟಲಿ, ಫ್ರಾನ್ಸ್‌ಗಳಲ್ಲಿ ನಟಿಸಿದರು, ನಿರ್ದೇಶಕರಾದ ರೆನ್ವಾರ್ ಮತ್ತು ಬುನ್ಯುಯೆಲ್ ಅವರ ಚಿತ್ರಗಳಲ್ಲಿದ್ದರು, ಹಾಲಿವುಡ್‌ಗೆ ಮಾತ್ರ ಹೋಗಲಿಲ್ಲ. ಆ ಯುರೋಪಿನ ಚಿತ್ರಗಳಲ್ಲಿ ನಾನು ನೋಡಿದ 'ಫ್ರೆಂಚ್ ಕ್ಯಾನ್‌ಕ್ಯಾನ್' ಸೊಗಸಾಗಿದೆ, ಆದರೆ ಅಲ್ಲಿ ಮರಿಯಾ ಒಂದು ಅಲಂಕಾರ.

ಪಾತ್ರಗಳ ಹರವಿನಲ್ಲಿ ಡೊಲೊರೆಸ್ ಮುಂದೆ. 1946ರ 'ಲಾ ಓತ್ರಾ' ಚಿತ್ರದಲ್ಲಿ ಉಗುರು ಅಲಂಕರಿಸಿ ಬದುಕುವ ಬಡವಿಯೂ ಅವರೇ, ಅವಳ ಸಿರಿವಂತ ಅವಳಿ ಸೋದರಿಯೂ ಅವರೇ. ಬಡವಿ ಸೋದರಿಯನ್ನು ಕೊಂದು ಅವಳ ಜಾಗಕ್ಕೆ ಬರುತ್ತಾಳೆ. ಸಹಿ ಹೊಂದುವುದಿಲ್ಲವಲ್ಲ ಎಂದು ತನ್ನ ಬಲಗೈಯನ್ನು ತಾನೇ ಸುಟ್ಟುಕೊಳ್ಳುತ್ತಾಳೆ. ಒಂದೇ ಮುಖದಲ್ಲಿ ಇಬ್ಬರು ಹೆಂಗಸರು ಬೇರೆಬೇರೆಯಾಗಿ ಉಸಿರಾಡುತ್ತಾರೆ, ಮೂರನೆಯವಳು ಅವರಿಬ್ಬರ ನಡುವೆ ಸಿಕ್ಕಿಕೊಳ್ಳುತ್ತಾಳೆ. 1951ರ 'ದೋನ್ಯಾ ಪರ್ಫೆಕ್ತಾ'ದ ಮತಾಂಧ ಒಡತಿಯೂ ಅಷ್ಟೇ ಗಟ್ಟಿ.

ಮರಿಯಾ ಅವರ ಕಡೆಯಿಂದ ಇದಕ್ಕೆ ಎದುರು ನಿಲ್ಲುವುದು 'ರಿಯೊ ಎಸ್ಕೊಂದಿದೊ' ಮಾತ್ರ. ಹೃದಯ ದುರ್ಬಲವಾದ ಶಾಲಾ ಶಿಕ್ಷಕಿಯನ್ನು ರಾಷ್ಟ್ರಾಧ್ಯಕ್ಷರೇ ಬರಡು ಹಳ್ಳಿಗೆ ಕಳಿಸುತ್ತಾರೆ. ಅಲ್ಲಿ ನೀರನ್ನೂ ಜನರನ್ನೂ ಹಿಡಿದಿಟ್ಟುಕೊಂಡ ದೊರೆಯೊಬ್ಬನಿದ್ದಾನೆ. ಭಾಷಣ ಹೆಚ್ಚು, ನಿಜ. ಆದರೆ ಧೂಳು ಹಿಡಿದ ಕಪ್ಪು ಬಟ್ಟೆಯಲ್ಲಿ, ಒಡವೆಯಿಲ್ಲದೆ, ಮಕ್ಕಳ ಮುಂದೆ ನಿಂತು ಮೂಲನಿವಾಸಿ ಹುಡುಗ ಬೆನಿತೊ ಹುವಾರೆಸ್ ದೇಶದ ಅಧ್ಯಕ್ಷನಾದ ಕಥೆ ಹೇಳುವ ಮರಿಯಾ ಅವರನ್ನು ನೋಡಿದಾಗ, ವಜ್ರಗಳ ಸುತ್ತ ಹೆಣೆದ ಅವರ ದಂತಕಥೆ ಅವರಿಗೆ ಎಷ್ಟು ಅನ್ಯಾಯ ಮಾಡಿದೆ ಎಂದು ಸಂಕಟವಾಗುತ್ತದೆ. ಮೆಕ್ಸಿಕೊದ ಆರಿಯೆಲ್ ಪ್ರಶಸ್ತಿ ಅತ್ಯುತ್ತಮ ನಟಿಯಾಗಿ ಇಬ್ಬರಿಗೂ ಮೂರು ಮೂರು ಬಾರಿ ಬಂದಿದೆ; ಮರಿಯಾ ಅವರ ಮೂರರಲ್ಲಿ ಈ ಚಿತ್ರವೂ ಇದೆ.

ಏಳನೆಯ ವಾರ, 1959ರ 'ಲಾ ಕುಕರಾಚಾ'. ಬಣ್ಣದ ಚಿತ್ರ, ಕ್ಯಾಮೆರಾ ಮತ್ತೆ ಫಿಗೆರೋವಾ ಅವರದು, ನಿರ್ದೇಶನ ಇಸ್ಮಾಯೆಲ್ ರೊದ್ರಿಗೆಸ್. ಎಮಿಲಿಯೊ ಫೆರ್ನಾಂಡೆಸ್ ಈ ಸಲ ಕ್ಯಾಮೆರಾದ ಮುಂದೆ, ಇಬ್ಬರೂ ಬಯಸುವ ಕರ್ನಲ್ ಆಗಿ. ಮರಿಯಾ ಸೈನ್ಯದ ಜೊತೆ ತಿರುಗುವ, ಕುಡಿಯುವ, ಸಿಗಾರ್ ಸೇದುವ, ಬಂದೂಕು ಹಿಡಿದ ಹೆಣ್ಣು. ಡೊಲೊರೆಸ್ ಕಪ್ಪುಡುಗೆಯ ವಿಧವೆ ಇಸಬೆಲ್. ಚಿತ್ರೀಕರಣದ ಹೊತ್ತಿಗೆ ಒಬ್ಬರಿಗೆ 44, ಇನ್ನೊಬ್ಬರಿಗೆ 54. ಮರಿಯಾ ಮಾತಾಡುವಾಗ ಪರದೆ ಪೂರ್ತಿ ಅವರದಾಗುತ್ತದೆ. ಚಿತ್ರವನ್ನು ಹೊತ್ತು ನಡೆಸುವವರೂ ಅವರೇ. ಮೊದಲ ಸಲ ನೋಡಿದಾಗ ನಾನು ಅವರನ್ನೇ ನೋಡಿದೆ. ಮರುವಾರ ಇನ್ನೊಮ್ಮೆ ಹಾಕಿ, ಮರಿಯಾ ಮಾತಾಡುವ ಪ್ರತಿ ಜಂಟಿ ದೃಶ್ಯದಲ್ಲೂ ಬೇಕೆಂದೇ ಡೊಲೊರೆಸ್ ಅವರ ಮೇಲೆ ಕಣ್ಣಿಟ್ಟೆ. ಅವರು ಕೇಳಿಸಿಕೊಳ್ಳುತ್ತಿದ್ದರು.

ಗೆಳೆಯರು ಯಾವುದರಿಂದ ಶುರುಮಾಡಲಿ ಎಂದು ಕೇಳಿದರೆ 'ಎನಾಮೊರಾದಾ' ಕಳಿಸುತ್ತೇನೆ. ಮನೆಯಲ್ಲಿ ಇನ್ನೊಮ್ಮೆ ಏನಾದರೂ ಹಾಕೋಣವೆಂದಾಗ ಅಮ್ಮ ಕೇಳುವುದು ಆ ದೋಣಿಯ ಹುಡುಗಿಯದು. ಹಂದಿಮರಿಯ ದೃಶ್ಯ ಬಂದಾಗ ಮಾತ್ರ ಅವರು ಎದ್ದು ಅಡುಗೆಮನೆಗೆ ಹೋಗುತ್ತಾರೆ, ಅದು ಮುಗಿದ ಮೇಲೆ ನಾನು ಕರೆಯಬೇಕು.