ಥಿಂಕ್‌ಪ್ಯಾಡ್ ಎಕ್ಸ್61: ಗಂಟೆಗಟ್ಟಲೆ ಕನ್ನಡ ಟೈಪ್ ಮಾಡುವವರಿಗೆ

2007ರ ಲ್ಯಾಪ್‌ಟಾಪ್, ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್61. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಲವು ವರ್ಷಗಳಿಂದ ನನ್ನ ಅನುವಾದದ ಕೆಲಸವೆಲ್ಲ ಇದರಲ್ಲೇ. ಬೆಳಿಗ್ಗೆ ಕೂತರೆ ಊಟದ ಹೊತ್ತಿಗೇ ಏಳುವುದು. ಆದರೂ ಬೆರಳು ನೋಯುವುದಿಲ್ಲ.

ಕೀಬೋರ್ಡ್ ಅಷ್ಟು ಚೆನ್ನಾಗಿದೆ. ಏಳು ಸಾಲಿನ ಹಳೇ ವಿನ್ಯಾಸ. ಒತ್ತಿದ್ದು ಬೆರಳಿಗೆ ಸರಿಯಾಗಿ ಗೊತ್ತಾಗುತ್ತದೆ. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿ ವಿನ್ಯಾಸದಲ್ಲಿ, ನುಡಿ ತಂತ್ರಾಂಶದಲ್ಲಿರುವುದೂ ಅದೇ. ಅದರಲ್ಲಿ ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಒತ್ತಬೇಕು. 'ಅಕ್ಕ'ನಿಗೆ ಒಂದು ಸಲ, 'ಲಕ್ಷ್ಮಿ'ಗೆ ಎರಡು ಸಲ. ಎಡಗೈ ತೋರುಬೆರಳಿಗೆ ದಿನಕ್ಕೆ ಎಷ್ಟು ಕೆಲಸ ಲೆಕ್ಕ ಹಾಕಿ! ಇಲ್ಲಿನ ಎಫ್ ಕೀಲಿ ತುಸು ಒಳಬಾಗಿದೆ, ಮೇಲೊಂದು ಸಣ್ಣ ಉಬ್ಬು ಗೆರೆ. ನೋಡದೇ ಬೆರಳು ಅಲ್ಲಿಗೇ ಹೋಗಿ ಕೂರುತ್ತದೆ.

ಟಚ್‌ಪ್ಯಾಡ್ ಇಲ್ಲವೇ ಇಲ್ಲ, ಕೀಲಿಗಳ ನಡುವೆ ಕರ್ಸರ್ ಓಡಿಸುವ ಪುಟ್ಟ ಕೆಂಪು ಗುಬುಟು, ಟ್ರ್ಯಾಕ್‌ಪಾಯಿಂಟ್ ಮಾತ್ರ. ಅಂಗೈ ತಾಗಿ ಕರ್ಸರ್ ಎಲ್ಲೋ ಹಾರುವ ಕಾಟ ತಪ್ಪಿತು. ಟ್ರ್ಯಾಕ್‌ಪಾಯಿಂಟಿನ ರಬ್ಬರ್ ಟೋಪಿ ಸವೆದು ನುಣುಪಾದರೆ ಕೂಡಲೇ ಬದಲಿಸಿ. ಇಲ್ಲದಿದ್ದರೆ ಜಾಸ್ತಿ ಒತ್ತಿ ಒತ್ತಿ ಗಿಣ್ಣು ಹಿಡಿದುಕೊಳ್ಳುತ್ತದೆ.

ನಿಜವಾದ ತೊಂದರೆ ಬಿಸಿ. ಬಲ ಅಂಗೈ ಊರುವ ಜಾಗದ ಕೆಳಗೇ ವೈಫೈ ಕಾರ್ಡ್ ಇದೆ. ಏಪ್ರಿಲ್‌ನಲ್ಲಿ ಅಲ್ಲಿ ಕೈ ಇಡಲಾಗುವುದಿಲ್ಲ. ಮುಂದಿನ ಅಂಚಿನಲ್ಲಿ ವೈರ್‌ಲೆಸ್ ಆಫ್ ಮಾಡುವ ಪುಟ್ಟ ಸ್ವಿಚ್ ಇದೆ. ಬರೆಯುವಾಗ ಅದನ್ನು ಆಫ್ ಮಾಡಿ, ಅರ್ಧ ಬಿಸಿ ಇಳಿಯುತ್ತದೆ. ಮೇಜಿನ ಮೇಲೇ ಇಡಿ, ತೊಡೆ ಮೇಲೆ ಬೇಡ.

ಪರದೆ 12.1 ಇಂಚು, 1024×768. ಈ 4:3 ಅಳತೆ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತದೆ. ಕೊಂಬು, ಒತ್ತು ಎಲ್ಲ ಸೇರಿ ನಮ್ಮ ಸಾಲುಗಳಿಗೆ ಮೇಲೆ ಕೆಳಗೆ ಜಾಗ ಬೇಕು ಅಲ್ವಾ? ಆದರೆ ಹಿಂದಿನ ಬೆಳಕು ಎಲ್‌ಇಡಿಯದಲ್ಲ, ಸಪೂರ ಟ್ಯೂಬಿನದು. ವಯಸ್ಸಾದಂತೆ ಮಂಕಾಗಿ ಹಳದಿಗೆ ತಿರುಗುತ್ತದೆ. ಕಿಟಕಿ ಬೆನ್ನ ಹಿಂದೆ ಇರದಂತೆ ಕೂರಿ, ಅಕ್ಷರ ದೊಡ್ಡದು ಮಾಡಿಕೊಳ್ಳಿ.

ಕುತ್ತಿಗೆಯದ್ದು ಬೇರೆಯೇ ಕಥೆ. ಪುಸ್ತಕ ಪೇರಿಸಿ ಪರದೆ ಎತ್ತರಿಸಿದರೆ ಕೀಬೋರ್ಡೂ ಜೊತೆಗೇ ಮೇಲೇರುತ್ತದೆ, ಭುಜ ನೋಯುತ್ತದೆ. ಹಾಗಾಗಿ ನಾನು ಕೆಲಸವನ್ನೇ ಭಾಗ ಮಾಡಿದ್ದೇನೆ. ಬರೆಯುವಾಗ ಯಂತ್ರ ಮೇಜಿನ ಮೇಲೆ. ಓದಿ ತಿದ್ದುವಾಗ ಪುಸ್ತಕಗಳ ಮೇಲೆ, ನಾನು ಒರಗಿ ಕೂತು. ತಿದ್ದಲು ಕೀಲಿ ಒತ್ತುವುದು ಕಡಿಮೆ, ಭುಜಕ್ಕೆ ತ್ರಾಸವಿಲ್ಲ. ದಿನವಿಡೀ ಕೂರಲು ನನಗೆ ನೆರವಾದದ್ದು ಇದೇ.

4 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಉಚಿತ ಲಿನಕ್ಸ್ ಆದ ಡೆಬಿಯನ್. ಬರವಣಿಗೆಗೆ ಧಾರಾಳ. ಬ್ರೌಸರಿನಲ್ಲಿ ಟ್ಯಾಬ್‌ಗಳನ್ನು ಸುಮ್ನೆ ತೆರೆಯುತ್ತಾ ಹೋದರೆ ಫ್ಯಾನ್ ಕೂಗಲು ಶುರು ಮಾಡುತ್ತದೆ.

ಕೊಳ್ಳುವುದಾದರೆ ಅಂಗಡಿಯಲ್ಲೇ ಪರದೆಯನ್ನು ಹತ್ತು ನಿಮಿಷ ಹೊತ್ತಿಸಿ ಬಿಡಿ. ಆಗಲೂ ಬೆಳಕು ಕೆಂಪಗಿದ್ದರೆ ಟ್ಯೂಬ್ ಸವೆದಿದೆ ಎಂದರ್ಥ, ಬೇರೆ ಪೀಸ್ ಕೇಳಿ. ಬ್ಯಾಟರಿ ಸತ್ತಿದ್ದರೆ ಚಿಂತೆ ಬೇಡ, ಚಾರ್ಜರ್ ಹಾಕಿಯೇ ನಡೆಸಬಹುದು.