ಪೆನ್‌ಡ್ರೈವ್‌ಗೆ ಜಗ್ಗದ ಹಳೆಯ ಟ್ಯಾಬ್ಲೆಟ್: ಯಾವ ದಾರಿ ಹಿಡಿದರೆ ಕೆಲಸವಾಗುತ್ತದೆ?

2014–15ರಲ್ಲಿ ಹತ್ತು ಸಾವಿರ ರೂಪಾಯಿ ಆಸುಪಾಸಿನ ವಿಂಡೋಸ್ ಟ್ಯಾಬ್ಲೆಟ್‌ಗಳು ನಮ್ಮಲ್ಲಿ ಹೇರಳವಾಗಿ ಮಾರಾಟವಾದವು. ಬೆಂಗಳೂರಿನ ನೋಷನ್ ಇಂಕ್ ಕೂಡ ಆಗ ‘ಕೇನ್’ ಎಂಬ ಹೆಸರಿನಲ್ಲಿ ಒಂದನ್ನು ತಂದಿತ್ತು. ಮೇಲಿನ ಹೆಸರು ಯಾವುದೇ ಇರಲಿ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಇಂಟೆಲ್‌ನ ಬೇ ಟ್ರೇಲ್ ಸರಣಿಯ ಆಟಂ ಪ್ರೊಸೆಸರ್, 1 ಅಥವಾ 2 ಜಿಬಿ ರ‍್ಯಾಮ್, ಬೋರ್ಡಿಗೇ ಬೆಸೆದ 16 ಅಥವಾ 32 ಜಿಬಿ ಇಎಂಎಂಸಿ (ಫೈಲ್‌ಗಳನ್ನು ಇಡುವ ಸಂಗ್ರಹ ಚಿಪ್), ಮತ್ತು ಬಹುಪಾಲು ಯಂತ್ರಗಳಲ್ಲಿ ಒಂದೇ ಒಂದು ಮೈಕ್ರೊ ಯುಎಸ್‌ಬಿ ಕಿಂಡಿ. ಇವುಗಳಲ್ಲಿ ಬಹಳಷ್ಟು ಇಂದಿಗೂ ಮನೆಗಳ ಬೀರುವಿನಲ್ಲಿ ಬಿದ್ದಿವೆ. ಪರದೆ ಚೆನ್ನಾಗಿದೆ, ಬ್ಯಾಟರಿ ತಕ್ಕಮಟ್ಟಿಗೆ ನಿಲ್ಲುತ್ತದೆ, ಕೆಟ್ಟಿರುವುದು ವಿಂಡೋಸ್ ಮಾತ್ರ.

ನಾನು ಕೆಲಸ ಮಾಡಿದ್ದು ಇಂಥ ಎರಡರ ಮೇಲೆ. ಒಂದು ಝಡ್3735ಎಫ್ ಚಿಪ್‌ನ ನನ್ನ ಹತ್ತು ಇಂಚಿನದು, ಇನ್ನೊಂದು ಭಾವನವರ ಎಂಟು ಇಂಚಿನದು. ಎರಡೂ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಒಪ್ಪಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಏಳುವ ಅದೇ ಪೆನ್‌ಡ್ರೈವ್ ಇಲ್ಲಿ ಚುಚ್ಚಿದರೆ ಅದರ ದೀಪ ಒಮ್ಮೆ ಮಿನುಗಿ ಆರುತ್ತದೆ. ಬೂಟ್ ಮೆನುವಿನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಒಂದೇ ಸಾಲು ಉಳಿಯುತ್ತದೆ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಹೀಗಾಗಿ ಜನ ಕೇಬಲ್ಲನ್ನು ಬೈಯುತ್ತಾರೆ, ಪೆನ್‌ಡ್ರೈವ್ ಬದಲಾಯಿಸುತ್ತಾರೆ, ಕೊನೆಗೆ ಅಂಗಡಿಗೆ ಹೋಗುತ್ತಾರೆ.

ಕಾರಣ ಬೇರೆಯೇ ಇದೆ. ಈ ಪ್ರೊಸೆಸರ್ 64 ಬಿಟ್‌ನದು, ಆದರೆ ಅದನ್ನು ಎಬ್ಬಿಸುವ ಯುಇಎಫ್ಐ ಫರ್ಮ್‌ವೇರ್ (ಬೋರ್ಡಿನಲ್ಲೇ ಕೂತಿರುವ ಆರಂಭಿಕ ತಂತ್ರಾಂಶ) 32 ಬಿಟ್‌ನದು. ಪೆನ್‌ಡ್ರೈವ್‌ನ ‘ಇಎಫ್ಐ’ ಫೋಲ್ಡರಿನೊಳಗಿನ ‘ಬೂಟ್’ ಫೋಲ್ಡರಿನಲ್ಲಿ ಅದು ಹುಡುಕುವುದು ‘ಬೂಟ್‌ಐಎ32’ ಎಂಬ ಫೈಲನ್ನು. ನಾವು ಇಂದು ಇಳಿಸಿಕೊಳ್ಳುವ 64 ಬಿಟ್ ವಿಂಡೋಸ್‌ನಲ್ಲಿ ಇರುವುದು ‘ಬೂಟ್ಎಕ್ಸ್64’ ಮಾತ್ರ. ಬೇಕಾದ ಫೈಲ್ ಸಿಗದಿದ್ದರೆ ಫರ್ಮ್‌ವೇರಿನ ಲೆಕ್ಕದಲ್ಲಿ ಪೆನ್‌ಡ್ರೈವ್ ಇಲ್ಲವೇ ಇಲ್ಲ. ಹಳೆಯ ಕಾಲದ ಬಯಾಸ್ ಮಾದರಿಯ ಬೂಟ್ ವ್ಯವಸ್ಥೆಯೂ ಇವುಗಳಲ್ಲಿ ಇರುವುದಿಲ್ಲ, ಆದ್ದರಿಂದ ಆ ಕಿಟಕಿಯೂ ಮುಚ್ಚಿದೆ. 64 ಬಿಟ್‌ನ ಬೇರೆ ಫರ್ಮ್‌ವೇರ್ ಬರೆದುಬಿಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ಆ ಗೋಜಿಗೆ ನಾನು ಹೋಗಲಿಲ್ಲ, ನೀವೂ ಹೋಗಬೇಡಿ. ಅದು ಕೈಕೊಟ್ಟರೆ ಟ್ಯಾಬ್ಲೆಟ್ ಮತ್ತೆ ಏಳುವುದಿಲ್ಲ.

ಉಳಿದ ದಾರಿಗಳಲ್ಲಿ ಎಲ್ಲರೂ ಮೊದಲು ಹಿಡಿಯುವುದು ಸರಿಯಾದ ಪೆನ್‌ಡ್ರೈವ್ ಮಾಡಿಕೊಳ್ಳುವುದನ್ನು. ವಿಂಡೋಸ್ 10ರ 32 ಬಿಟ್ ಐಎಸ್‌ಒ (ಇಡೀ ಅನುಸ್ಥಾಪನಾ ಡಿಸ್ಕ್ ಅಡಗಿರುವ ಒಂದು ಫೈಲ್) ತೆಗೆದುಕೊಂಡು, ಅದನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ತಂತ್ರಾಂಶದಲ್ಲಿ ಜಿಪಿಟಿ, ಯುಇಎಫ್ಐ, ಫ್ಯಾಟ್32 ಎಂದು ಆರಿಸಿ ಬರೆದರೆ ಬೂಟ್ ಮೆನುವಿನಲ್ಲಿ ಎರಡನೆಯ ಸಾಲು ಕಾಣಿಸಿಕೊಳ್ಳುತ್ತದೆ. ನನ್ನ ಹತ್ತು ಇಂಚಿನದರಲ್ಲಿ ಇಷ್ಟರಿಂದಲೇ ಬಾಗಿಲು ತೆರೆಯಿತು. ಎಂಟು ಇಂಚಿನದರಲ್ಲಿ ಸಾಲದಾಯಿತು. ಅದರ ಫರ್ಮ್‌ವೇರಿನಲ್ಲಿ ‘ಫಾಸ್ಟ್ ಬೂಟ್’ ಆನ್ ಆಗಿತ್ತು; ಅದು ಆನ್ ಇದ್ದರೆ ಸಮಯ ಉಳಿಸಲೆಂದು ಯುಎಸ್‌ಬಿ ಕಡೆ ನೋಡುವ ಕೆಲಸವನ್ನೇ ಫರ್ಮ್‌ವೇರ್ ಬಿಟ್ಟುಬಿಡಬಹುದು. ಅದನ್ನು ಆಫ್ ಮಾಡಲು ಫರ್ಮ್‌ವೇರಿನ ಪುಟಕ್ಕೆ ಹೋಗಬೇಕು, ಅಲ್ಲಿ ಓಡಾಡಲು ಕೀಬೋರ್ಡ್ ಬೇಕು.

ಈ ದಾರಿಯ ನಿಜವಾದ ಕಾಟ ಶುರುವಾಗುವುದು ಇಲ್ಲಿ. ಇರುವ ಒಂದೇ ಕಿಂಡಿಗೆ ಪೆನ್‌ಡ್ರೈವ್, ಕೀಬೋರ್ಡ್, ಮೌಸ್ ಮೂರನ್ನೂ ಸಿಕ್ಕಿಸಬೇಕು, ಏಕೆಂದರೆ ವಿಂಡೋಸ್ ಹಾಕುವ ಹೊತ್ತಿನಲ್ಲಿ ಟಚ್ ಕೆಲಸ ಮಾಡುವುದಿಲ್ಲ. ಒಟಿಜಿ ಕೇಬಲ್‌ಗೆ (ಮೈಕ್ರೊ ಕಿಂಡಿಗೆ ಯುಎಸ್‌ಬಿ ಸಾಧನ ಸಿಕ್ಕಿಸುವ ಕೇಬಲ್) ಹಬ್ ಜೋಡಿಸಿದರೆ ಅಷ್ಟಕ್ಕೂ ಕರೆಂಟು ಕೊಡಬೇಕಾದದ್ದು ಟ್ಯಾಬ್ಲೆಟ್ಟೇ. ಅದೇ ಹೊತ್ತಿಗೆ ಅದೇ ಕಿಂಡಿಯಿಂದ ಚಾರ್ಜ್ ಮಾಡಲು ಸಾಮಾನ್ಯ ಒಟಿಜಿ ಕೇಬಲ್‌ನಲ್ಲಿ ಆಗುವುದಿಲ್ಲ. ಅಗ್ಗದ ಹಬ್‌ನಲ್ಲಿ ಫೈಲ್ ನಕಲಾಗುತ್ತಿರುವ ನಡುವೆಯೇ ಪೆನ್‌ಡ್ರೈವ್ ಮಾಯವಾಗುತ್ತಿತ್ತು. ಸ್ವಂತ ಅಡಾಪ್ಟರ್ ಇರುವ ಹಬ್ ತಂದ ಮೇಲೆ ಆ ತಂಟೆ ನಿಂತಿತು. ಈ ದಾರಿಗೆ ಹೊರಡುವವರು ಮೊದಲು ಹಬ್‌ಗೆ ಹಣ ಎತ್ತಿಟ್ಟುಕೊಳ್ಳಿ, ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಕೂರಿ.

ಇಷ್ಟೆಲ್ಲ ಆದ ಮೇಲೆ ಎದ್ದ ವಿಂಡೋಸ್ ಕುರುಡು, ಕಿವುಡು ಎರಡೂ. ವೈಫೈ ಇಲ್ಲ, ಶಬ್ದ ಇಲ್ಲ, ಟಚ್ ಇಲ್ಲ. ಬೇರೆ ಮಾದರಿಯ ಟಚ್ ಡ್ರೈವರ್ ಹುಡುಕಿ ಹಾಕಿದರೆ ಬೆರಳು ಎಡಕ್ಕೆ ಸರಿದಾಗ ಪರದೆಯ ಮೇಲಿನ ಗುರುತು ಬಲಕ್ಕೆ ಓಡುತ್ತದೆ. ಈ ಟ್ಯಾಬ್ಲೆಟ್‌ಗಳ ಟಚ್ ಚಿಪ್‌ಗೆ ಆಯಾ ಪರದೆಗೆಂದೇ ಅಳೆದ ಫರ್ಮ್‌ವೇರ್ ಬೇಕು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆದ್ದರಿಂದ ಯಾವ ದಾರಿ ಹಿಡಿದರೂ ಸರಿ, ಹಳೆಯ ವಿಂಡೋಸನ್ನು ಅಳಿಸುವ ಮುನ್ನ ‘ಸಿಸ್ಟಮ್32’ರ ಒಳಗೆ ‘ಡ್ರೈವರ್‌ಸ್ಟೋರ್’ ಎಂಬ ಫೋಲ್ಡರಿನಲ್ಲಿರುವ ‘ಫೈಲ್‌ರೆಪೊಸಿಟರಿ’ಯನ್ನು ಇಡಿಯಾಗಿ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ತಯಾರಕರ ಜಾಲತಾಣದಲ್ಲಿ ಸಿಗುತ್ತದೆ ಎಂದು ನೆಚ್ಚಬೇಡಿ. ನನ್ನ ಟ್ಯಾಬ್ಲೆಟ್‌ನ ತಯಾರಕರು ಡ್ರೈವರ್ ಪುಟವನ್ನು ಎಂದೋ ತೆಗೆದುಹಾಕಿದ್ದಾರೆ.

ಎರಡನೆಯದು ಟ್ಯಾಬ್ಲೆಟ್‌ನೊಳಗೇ ಇರುವ ರಿಕವರಿಯಿಂದ ‘ರೀಸೆಟ್’ ಮಾಡುವುದು. ಇದಕ್ಕೆ ಹಬ್ ಬೇಡ, ಪೆನ್‌ಡ್ರೈವ್ ಬೇಡ, ಡ್ರೈವರ್‌ಗಳೂ ಜೊತೆಗೇ ಮರಳಿ ಬರುತ್ತವೆ. ವಿಂಡೋಸ್ ಏಳದಿದ್ದರೂ, ಒಂದೆರಡು ಸಲ ಬೂಟ್ ವಿಫಲವಾದ ಮೇಲೆ ದುರಸ್ತಿಯ ನೀಲಿ ಪರದೆ ತಾನಾಗಿ ತೆರೆದುಕೊಳ್ಳುತ್ತದೆ. ಭಾವನವರ ಟ್ಯಾಬ್ಲೆಟ್‌ನಲ್ಲಿ ಇದು ಅಚ್ಚುಕಟ್ಟಾಗಿ ನಡೆಯಿತು. ಬಂದದ್ದು ಮಾತ್ರ ವಿಂಡೋಸ್ 8.1. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಜನವರಿ 10ಕ್ಕೇ ಮುಗಿದಿದೆ.

ಈ ರಿಕವರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಜಾಗ ಕಡಿಮೆ ಎಂಬ ಕಾರಣಕ್ಕೆ 8.1ರ ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ‘ವಿಮ್‌ಬೂಟ್’ ಎಂಬ ಉಪಾಯ ಮಾಡಿದ್ದರು. ವಿಂಡೋಸ್‌ನ ಫೈಲ್‌ಗಳು ರಿಕವರಿ ವಿಭಾಗದೊಳಗೆ ಅಡಕವಾಗಿಯೇ ಇರುತ್ತವೆ. ‘ಸಿ’ ಡ್ರೈವ್‌ನಲ್ಲಿ ಇರುವುದು ಅವುಗಳತ್ತ ಬೊಟ್ಟು ಮಾಡುವ ಗುರುತುಗಳು ಮಾತ್ರ. ಜಾಗ ಉಳಿಸುವ ಆಸೆಗೆ ಯಾರಾದರೂ ಆ ವಿಭಾಗವನ್ನು ಅಳಿಸಿದ್ದರೆ ರಿಕವರಿಯ ಜೊತೆ ವಿಂಡೋಸ್ ಕೂಡ ಹೋದಂತೆಯೇ. ‘ಜಾಗ ಖಾಲಿ ಮಾಡುವುದು ಹೇಗೆ’ ಎಂಬ ವಿಡಿಯೊಗಳಲ್ಲಿ ಇದನ್ನು ಹೇಳುವವರನ್ನು ನಾನು ಕಂಡಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮೂರನೆಯ ದಾರಿ. ಇದರಲ್ಲಿ ಯುಎಸ್‌ಬಿಯಿಂದ ಬೂಟ್ ಮಾಡುವ ಪ್ರಶ್ನೆಯೇ ಇಲ್ಲ. ಮೈಕ್ರೊ ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಲು ನನ್ನ ಎರಡೂ ಟ್ಯಾಬ್ಲೆಟ್‌ಗಳು ಒಪ್ಪಲಿಲ್ಲ, ಆದರೆ ದುರಸ್ತಿಯ ನೀಲಿ ಪರದೆ ತೆರೆದ ಮೇಲೆ ಅದೇ ಕಾರ್ಡು ಸಾಮಾನ್ಯ ಡ್ರೈವ್‌ನಂತೆ ಕಾಣುತ್ತದೆ. ಈ ದುರಸ್ತಿ ವ್ಯವಸ್ಥೆ ರ‍್ಯಾಮ್‌ನಲ್ಲಿ ನಿಂತು ಓಡುವುದರಿಂದ, ಅದರೊಳಗಿದ್ದುಕೊಂಡೇ ‘ಸಿ’ ಡ್ರೈವನ್ನು ಅಳಿಸಬಹುದು.

ಮಾಡಿದ್ದು ಹೀಗೆ. ವಿಂಡೋಸ್ 10ರ 32 ಬಿಟ್ ಐಎಸ್‌ಒದಿಂದ ವಿಂಡೋಸ್ ಪೂರ್ತಿ ಅಡಕವಾಗಿರುವ ‘ಇನ್‌ಸ್ಟಾಲ್.ವಿಮ್’ ಎಂಬ ಒಂದು ಫೈಲನ್ನೂ ಉಳಿಸಿಕೊಂಡಿದ್ದ ಡ್ರೈವರ್ ಫೋಲ್ಡರನ್ನೂ ಕಾರ್ಡಿಗೆ ಹಾಕಿದೆ. ದುರಸ್ತಿ ಪರದೆಯಿಂದ ಕಮಾಂಡ್ ಪ್ರಾಂಪ್ಟ್ ತೆರೆದೆ. ‘ಡಿಸ್ಕ್‌ಪಾರ್ಟ್’ನಲ್ಲಿ ಯಾವ ಡ್ರೈವ್‌ಗೆ ಯಾವ ಅಕ್ಷರ ಬಂದಿದೆ ಎಂದು ನೋಡಿಕೊಂಡೆ. ಇದನ್ನು ಮಾತ್ರ ತಪ್ಪಿಸಬೇಡಿ, ವಿಂಡೋಸ್‌ನಲ್ಲಿ ‘ಸಿ’ ಆಗಿದ್ದದ್ದು ಇಲ್ಲಿ ‘ಡಿ’ ಆಗಿರಬಹುದು. ಆಮೇಲೆ ವಿಂಡೋಸ್ ಇದ್ದ ವಿಭಾಗವನ್ನಷ್ಟೇ ಫಾರ್ಮ್ಯಾಟ್ ಮಾಡಿ, ‘ಡಿಸ್ಮ್’ ಆಜ್ಞೆಯಿಂದ ಆ ಫೈಲನ್ನು ಅಲ್ಲಿಗೆ ಬಿಚ್ಚಿಸಿದೆ. ವಿಂಡೋಸ್ 10ರ ‘ಡಿಸ್ಮ್’ ಆದರೆ ‘ಕಾಂಪ್ಯಾಕ್ಟ್’ ಎಂಬ ಆಯ್ಕೆ ಸೇರಿಸಿ. ಫೈಲ್‌ಗಳು ಅಡಕವಾಗಿಯೇ ಕೂರುತ್ತವೆ, ಇಷ್ಟು ಸಣ್ಣ ಸಂಗ್ರಹದಲ್ಲಿ ಆ ಉಳಿತಾಯ ದೊಡ್ಡದು. ಅದೇ ‘ಡಿಸ್ಮ್’ನಿಂದ ಡ್ರೈವರ್‌ಗಳನ್ನು ಬೂಟ್ ಆಗುವ ಮೊದಲೇ ಒಳಗೆ ಸೇರಿಸಬಹುದು. ಕೊನೆಗೆ ‘ಬಿಸಿಡಿಬೂಟ್’ ಆಜ್ಞೆಯಿಂದ ಬೂಟ್ ಫೈಲ್‌ಗಳನ್ನು ಬರೆಸಿದರೆ ಮುಗಿಯಿತು. ಮೊದಲ ಸಲ ಎದ್ದಾಗಲೇ ಟಚ್, ವೈಫೈ, ಶಬ್ದ ಮೂರೂ ಇದ್ದವು.

ಬೇಕಾದದ್ದು ಒಂದು ಕೀಬೋರ್ಡ್ ಮಾತ್ರ, ಅದಕ್ಕೆ ಸಾದಾ ಒಟಿಜಿ ಕೇಬಲ್ ಸಾಕು. ಆಜ್ಞೆಗಳನ್ನು ಬೆರಳಚ್ಚಿಸುವುದು ಎಂದರೆ ಅಂಜುವವರಿಗೆ ಇದು ಸರಿಹೋಗದೆ ಇರಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಬಳಸುತ್ತಿದ್ದ ಟ್ಯಾಬ್ಲೆಟ್ ಆದರೆ ಒಳಗಿನ ಡ್ರೈವ್ ಗೂಢಲಿಪಿಯಲ್ಲಿರುವ ಸಂಭವವಿದೆ. ಆಗ ಡ್ರೈವರ್ ನಕಲು ಮಾಡಲು ಉದ್ದನೆಯ ರಿಕವರಿ ಕೀಲಿ ಕೇಳುತ್ತದೆ, ಅದು ಖಾತೆಯ ಪುಟದಲ್ಲಿ ಸಿಗುತ್ತದೆ. ಇನ್ನು ದುರಸ್ತಿಯ ಪರದೆಯೇ ಬಾರದಿದ್ದರೆ ಈ ದಾರಿಯೂ ಇಲ್ಲ, ಮತ್ತೆ ಹಬ್ ಮತ್ತು ಪೆನ್‌ಡ್ರೈವ್‌ಗೇ ಗತಿ.

ಈ ಮೂರು ದಾರಿಗಳಿಗೂ ಒಂದು ಮಿತಿಯಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಅದು ಕೇಳುವ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಇಲ್ಲಿ ಎಲ್ಲಿಂದ ಬರಬೇಕು? ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರವನ್ನಾಗಿ ಇದನ್ನು ಇಟ್ಟುಕೊಳ್ಳಬೇಕೆಂದರೆ ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಕಡೆಗೇ ತಿರುಗಬೇಕು.

32 ಬಿಟ್ ಫರ್ಮ್‌ವೇರಿನ ಮೇಲೆ 64 ಬಿಟ್ ವಿಂಡೋಸ್ ಏಳುವುದಿಲ್ಲ, ಲಿನಕ್ಸ್ ಏಳುತ್ತದೆ. 2014ರಲ್ಲಿ ಬಂದ 3.15 ಕರ್ನಲ್‌ನಿಂದಲೇ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಈ ಮಿಶ್ರ ಪದ್ಧತಿಗೆ ಬೆಂಬಲವಿದೆ. ಲಿನಕ್ಸ್‌ನ ಬಗೆಗಳಲ್ಲಿ ಡೆಬಿಯನ್ 2015ರ ತನ್ನ 8ನೆಯ ಆವೃತ್ತಿಯಿಂದ, ಫೆಡೋರಾ 2017ರ 27ನೆಯ ಆವೃತ್ತಿಯಿಂದ ಇಂಥ ಯಂತ್ರಗಳಿಗೆ ನೇರವಾಗಿ ಹಾಕಲು ಅನುವು ಮಾಡಿಕೊಟ್ಟಿವೆ. ಈ ಅಗ್ಗದ ಟ್ಯಾಬ್ಲೆಟ್‌ಗಳ ಟಚ್, ಬ್ಯಾಟರಿ, ಶಬ್ದಗಳನ್ನು ಲಿನಕ್ಸ್‌ನಲ್ಲಿ ದಾರಿಗೆ ತಂದ ಕೆಲಸದಲ್ಲಿ ಕರ್ನಲ್ ಡೆವಲಪರ್ ಹಾನ್ಸ್ ಡಿ ಗೂಡೆಯವರ ಪಾಲು ದೊಡ್ಡದು. ನಾನು ಹತ್ತು ಇಂಚಿನದಕ್ಕೆ ಹಾಕಿದ್ದು ಡೆಬಿಯನ್ 11ರ ಮಲ್ಟಿ-ಆರ್ಚ್ (32, 64 ಬಿಟ್ ಎರಡೂ ಇರುವ) ಐಎಸ್‌ಒ. ಆಮೇಲೆ 12ಕ್ಕೆ ಏರಿಸಿದೆ. ಫೆಡೋರಾದ ನೋಮ್ ಪರದೆ ಬೆರಳಿಗೆ ಹಿತವಾಗಿದೆ, ಆದರೆ 2 ಜಿಬಿ ರ‍್ಯಾಮ್‌ನಲ್ಲಿ ಅದನ್ನು ನಡೆಸುವುದು ಏದುಸಿರಿನ ಕೆಲಸ. ಹಗುರವಾದ ಎಕ್ಸ್‌ಎಫ್‌ಸಿಇ ಪರದೆ ಹಾಕಿದರೆ ಬ್ರೌಸರಿಗೆ ಒಂದಿಷ್ಟು ಉಸಿರು ಉಳಿಯುತ್ತದೆ.

ವೈಫೈ ಚಿಪ್ ರಿಯಲ್‌ಟೆಕ್‌ನ 8723ಬಿಎಸ್. ಅದರ ಡ್ರೈವರ್ 2017ರಿಂದ ಕರ್ನಲ್‌ನಲ್ಲೇ ಇದೆ, ಬೇಕಾದ ಫರ್ಮ್‌ವೇರ್ ಮಾತ್ರ ಡೆಬಿಯನ್ 11ರ ಅಧಿಕೃತ ಐಎಸ್‌ಒದಲ್ಲಿ ಇರಲಿಲ್ಲ. ಹಬ್‌ಗೆ ಮೊಬೈಲ್ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಅಂತರಜಾಲ ಸಿಕ್ಕಿ ಕೆಲಸ ಮುಂದುವರಿಯುತ್ತದೆ. ಟಚ್‌ಗೆ ಮತ್ತೆ ಆ ಹಳೆಯ ವಿಂಡೋಸ್ ಡ್ರೈವರ್ ಫೋಲ್ಡರೇ ಆಧಾರ, ಅದರೊಳಗಿನ ಫರ್ಮ್‌ವೇರನ್ನೇ ಹೆಕ್ಕಿ ತೆಗೆಯಬೇಕು. ಕ್ಯಾಮೆರಾದ ಆಸೆ ಬಿಡಿ. ಎಂಟು ಇಂಚಿನಂಥ ಸಣ್ಣ ಟ್ಯಾಬ್ಲೆಟ್‌ಗಳಲ್ಲಿ ಪರದೆ ಮೂಲತಃ ನಿಲುವಾಗಿ ಜೋಡಿಸಿದ್ದು, ಆದ್ದರಿಂದ ಡೆಬಿಯನ್‌ನ ಮೆನು ಅಡ್ಡಲಾಗಿ ಮೂಡುತ್ತದೆ, ಕತ್ತು ವಾಲಿಸಿಕೊಂಡೇ ಓದಬೇಕು.

ಕನ್ನಡದ ಮಟ್ಟಿಗೆ ಡೆಬಿಯನ್ ನನಗೆ ಹೆಚ್ಚು ಒಗ್ಗಿತು. ಚಿತ್ರಾತ್ಮಕ ಅನುಸ್ಥಾಪಕದ ಭಾಷೆಗಳ ಪಟ್ಟಿಯಲ್ಲೇ ಕನ್ನಡ ಇದೆ. ಗುಬ್ಬಿ, ನವಿಲು ಫಾಂಟ್‌ಗಳು ಅದರ ಭಂಡಾರದಲ್ಲೇ ಸಿಗುತ್ತವೆ. ಭಾಷೆಗಳನ್ನು ಬೆರಳಚ್ಚಿಸಲು ನೆರವಾಗುವ ಐಬಸ್‌ಗೆ ಎಂ17ಎನ್ ಎಂಬ ಕೀಲಿಮಣೆ ವಿನ್ಯಾಸಗಳ ಸಂಗ್ರಹ ಸೇರಿಸಿದರೆ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಕೈಗೆ ಅದೇ ಕಗಪ ವಿನ್ಯಾಸ ದೊರೆಯುತ್ತದೆ.

ಭಾವನವರದ್ದನ್ನು ನಾನು ಲಿನಕ್ಸ್‌ಗೆ ಬದಲಿಸಲಿಲ್ಲ. ಅವರಿಗೆ ಬೇಕಿರುವುದು ಕಾರ್ಡಿನಲ್ಲಿ ತುಂಬಿಟ್ಟ ಯಕ್ಷಗಾನದ ವಿಡಿಯೊಗಳು, ಅದಕ್ಕೆ ಅಂತರಜಾಲವೇ ಬೇಡ. ಕಾರ್ಡಿನ ದಾರಿಯಲ್ಲಿ ಹಾಕಿದ ವಿಂಡೋಸ್ 10 ವೈಫೈ ಆಫ್ ಮಾಡಿಕೊಂಡು ಆರಾಮವಾಗಿ ಓಡುತ್ತಿದೆ.

ಕೊನೆಯದು ಅಂಗಡಿ. ಒಂದು ಕಡೆ ಟ್ಯಾಬ್ಲೆಟ್ ಕೈಗೆ ತೆಗೆದುಕೊಂಡ ಹುಡುಗ ಪೆನ್‌ಡ್ರೈವ್ ಚುಚ್ಚಿ ನೋಡಿ, “ಬೋರ್ಡ್ ಹೋಗಿದೆ ಸರ್” ಎಂದ. ಚುಚ್ಚಿದ್ದು 64 ಬಿಟ್‌ನದು. ಫರ್ಮ್‌ವೇರಿನ ಪುಟ ತೆರೆಯುತ್ತಿದ್ದು, ಅಲ್ಲಿ ಇಎಂಎಂಸಿಯ ಹೆಸರು ಕಾಣುತ್ತಿದ್ದರೆ ಬೋರ್ಡ್ ಹೋಗಿದೆ ಎಂಬ ಮಾತಿಗೆ ಸುಲಭವಾಗಿ ಒಪ್ಪಬೇಡಿ. ನಿಜವಾಗಿ ಕೈಚೆಲ್ಲಬೇಕಾದ ಲಕ್ಷಣ ಬೇರೆ. ಫಾರ್ಮ್ಯಾಟ್ ಆಯಿತು ಎಂದು ತೋರಿಸಿ, ಆಫ್ ಮಾಡಿ ಆನ್ ಮಾಡಿದ ಮೇಲೆ ಅಳಿಸಿದ ಫೈಲ್‌ಗಳೆಲ್ಲ ಹಾಗೆಯೇ ಮರಳಿ ಕಂಡರೆ, ಆ ಇಎಂಎಂಸಿ ಹೊಸದನ್ನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ ಎಂದೇ ಅರ್ಥ. ಬೋರ್ಡಿಗೆ ಬೆಸೆದ ಆ ಚಿಪ್ಪನ್ನು ಕಿತ್ತು ಹೊಸದು ಕೂರಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಬಳಸಿದ ಲ್ಯಾಪ್‌ಟಾಪ್ ಒಂದು ಬರುತ್ತದೆ.