ಅಜ್ಜಿ-ತಾತನ ಕತೆ: ಆಡಿಯೊನಾ, ವಿಡಿಯೊನಾ?

ಅಜ್ಜಿ-ತಾತನ ಹಳೇ ನೆನಪುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದಾದರೆ, ಮೊದಲ ಸಲಕ್ಕೆ ಆಡಿಯೊನೇ ವಾಸಿ. ಕ್ಯಾಮೆರಾ ಕಂಡರೆ ಅಜ್ಜಿ ಸೆರಗು ಸರಿಮಾಡಿಕೊಂಡು ಭಾಷಣದ ಧಾಟಿಗೆ ಇಳಿಯುತ್ತಾರೆ. ಫೋನ್ ಸುಮ್ನೆ ಪಕ್ಕದಲ್ಲಿಟ್ಟರೆ ಅವರೆಕಾಯಿ ಬಿಡಿಸುತ್ತಾ ಎಲ್ಲಾ ಹೇಳುತ್ತಾರೆ. ಜಾಗವೂ ಕಡಿಮೆ ಸಾಕು: 128 ಕೆಬಿಪಿಎಸ್‌ (ರೆಕಾರ್ಡಿಂಗ್ ಗುಣಮಟ್ಟದ ಅಳತೆ) ಇಟ್ಟರೆ ಗಂಟೆಗೆ ಸುಮಾರು 58 ಎಂಬಿ. ವಿಡಿಯೊ ಜಿಬಿಗಟ್ಟಲೆ ನುಂಗುತ್ತದೆ. ಫ್ಯಾನ್ ಆಫ್ ಮಾಡಿ. ಮನೆ ಮೇನ್ ರೋಡಿನಲ್ಲಿದ್ದರೆ ಹಿಂದಿನ ರೂಮಿಗೆ ಹೋಗಿ, ಬೆಂಗಳೂರಿನ ಹಾರ್ನ್ ಯಾರನ್ನೂ ಬಿಡುವುದಿಲ್ಲ.

ವಿಡಿಯೊ ಬೇಕಾಗುವುದು ಹಳೇ ಫೋಟೊ ನೋಡುವಾಗ. 'ಇವಳೇ ನೋಡು ನನ್ನ ಪಕ್ಕ ಕೂರ್ತಿದ್ದವಳು' ಅಂದಾಗ ಬೆರಳು ಯಾರ ಮೇಲಿದೆ ಅಂತ ಆಡಿಯೊದಲ್ಲಿ ಗೊತ್ತಾಗಲ್ಲ, ಅಲ್ವಾ? ಹೆಸರು, ಇಸವಿಗಳನ್ನಂತೂ ಮರೆಯದೆ ಬರೆದುಕೊಳ್ಳಿ.

ಇನ್ನು ಅವರ ಹಳೇ ಸ್ಕೂಲ್ ಗೆಳೆಯರನ್ನು ಹುಡುಕುವ ವಿಷಯ. ಫೇಸ್‌ಬುಕ್‌ನಲ್ಲಿ ಎಂಬತ್ತು ದಾಟಿದವರು ಸಿಗುವುದು ಅಪರೂಪ. ಮದುವೆಯಾದ ಮೇಲೆ ಎಷ್ಟೋ ಹೆಂಗಸರ ಇನಿಷಿಯಲ್ಲೇ ಬದಲಾಗಿರುತ್ತದೆ. ತಾತ ಓದಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಂಥ (1917ರದ್ದು) ಹಳೇ ಶಾಲೆಯಾದರೆ ನೇರವಾಗಿ ಅಲ್ಲಿಗೇ ಹೋಗಿ ವಿಚಾರಿಸುವುದು ಮೇಲು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಗ್ರೂಪ್ ಫೋಟೊ ಕೈಯಲ್ಲಿರಲಿ. ಅದಾಗದಿದ್ದರೆ ನೆಂಟರ ವಾಟ್ಸಾಪ್ ಗ್ರೂಪು.

ನಂಬರ್ ಸಿಕ್ಕಿದ ಕೂಡಲೇ ತಾತನ ಕೈಗೆ ಫೋನ್ ಕೊಡಬೇಡಿ. ಮೊದಲು ನೀವೇ ಮಾತಾಡಿ, ಆ ಗೆಳೆಯರು ಹೇಗಿದ್ದಾರೆ ಅಂತ ಅವರ ಮಕ್ಕಳನ್ನು ಕೇಳಿಕೊಳ್ಳಿ.